ಸಂಜೀತನಕ ಹೊಸಾ ಟೈರು

ಇಲ್ರಿ, ಕಾಕಾ ಕುಡದಿರಲಿಲ್ಲ. ನೀವು ಕೇಳಿಲ್ಲ ಖರೆ, ಆದ್ರ ಲಾರಿ ಪಲ್ಟಿ ಆತು ಅಂದ್ರ ಎಲ್ಲಾರ ಮಾರಿ ಮ್ಯಾಲೂ ಅದ ಪ್ರಶ್ನಿ. ಕಾರಟಗಿ ರೈಸ್ ಮಿಲ್ ಬಾಜೂಕ ನಾ ಕೆಲ್ಸ ಮಾಡೋ ಟೈರ್ ಅಂಗಡಿ ಐತಿ. ಅಲ್ಲಿಗೆ ಇಂಥಾ ಸುದ್ದಿ ಬರ್ತಾನ ಇರ್ತಾವ.

ಕಿವಿ

ಈ ಕಾಕಾ ಸ್ವಂತ ಲಾರ್ಯಾಗ ಅಕ್ಕಿ ಹೊಡೀತಿದ್ದ. ಹವಾ ಚೆಕ್ ಮಾಡಾಕ ನಾ ಮೀಟರ್ ತಂದ್ರ, ಅಂವ ರಾಡ್‌ಲೆ ಟೈರಿಗೆ ಬಡದು ಕಿವಿ ಕೊಡ್ತಿದ್ದ.

“ಸಾಕಷ್ಟೈತಿ.”

“ಕಾಕಾ, ಮೀಟರ್ ಕಡಿಮಿ ತೋರ್ಸಾಕತ್ತೈತಿ.”

“ನೀ ಕಾಲೇಜು ಅರ್ಧಕ್ಕ ಬಿಟ್ಟಾಂವ. ನಿನ್ನ ಮೀಟರೂ ಅರ್ಧಾನ ಓದತೈತಿ.”

ಗೆರಿ

ಟೈರಿಗೆ ಇಷ್ಟು ಆಳ ಗೆರಿ ಇರಬೇಕಂತ ಕಾಯ್ದೆ ಐತಿ. ಕಾಕಾನ ಮುಂದಿನ ಎರಡೂ ಟೈರು ಸವದು ನುಣ್ಣಗ ಬೋಳಾಗಿದ್ವು.

“ನಿನ್ನ ಹಣಿ ಮ್ಯಾಲೆ ಇದಕ್ಕಿಂತ ಆಳ ಗೆರಿ ಅದಾವ ಕಾಕಾ” ಅಂದ್ನಿ.

“ಹಂಗಾರ ಗಾಲಿಗೆ ನನ್ನ ಹಣೀನ ಕಟ್ಟು!”

ಇಬ್ರೂ ನಕ್ವಿ. ಆವಾಗ ನಗಬಾರದಿತ್ತು.

ಎಫ್‌ಸಿ

ಲಾರಿ ಓಡಾಕ ಲಾಯಕ್ ಐತಿ ಅನ್ನೋ ಎಫ್‌ಸಿ ಸರ್ಟಿಫಿಕೇಟ್ ಬೇಕಾತು. ನಮ್ಮ ಅಂಗಡ್ಯಾಗ ಅದಕ್ಕಂತನ ಬಾಡಗಿ ಕೊಡೋ ಎರಡು ಹೊಸಾ ಟೈರು ಇದ್ವು. ಹಾಕ್ಕೊಂಡು ಕೊಪ್ಪಳಕ್ಕ ಹೋದ್ವಿ. ನಾ ಯಾಕಂದ್ರ, ಟೈರ್ ಕಾಯಾಕ!

ಸಾಹೇಬ್ರು ಬಗ್ಗಿ ನೋಡಿ, “ಟೈರ್ ಭಾಳ ಛಲೋ ಅದಾವ. ಹಿಂಗ ಇಟ್ಕೋರಿ” ಅಂದ್ರು.

ಕಾಕಾ ಕೈ ಮುಗದು, “ಹೂಂರಿ, ಸಂಜೀತನಕ ಇಟ್ಕೊಂತೀನಿ” ಅಂದ್ಬಿಟ್ಟ!

ನಾ ಕೆಮ್ಮಿದ ಕೆಮ್ಮಿಗೆ ಸಾಹೇಬ್ರು ನನಗ ನೀರು ಕೊಡಿಸಿದ್ರು.

ಆರತಿ

ವಾಪಸ್ ಬಂದು ಕಾಕಾ ನನ್ನ ಅಂಗಡ್ಯಾಗ ಇಳಿಸಿ, ಮನಿಗೆ ಹೋಗಿ ಉಂಡು ಬಂದ. ಅವತ್ತ ಸಂಜಿಕ ಹೊಸಾವು ಬಿಚ್ಚಿ ಆ ಬೋಳು ಟೈರು ಹಾಕಿದ್ದು ಈ ಕೈನ. ನಾಕ ದಿನಕ್ಕ ಹನುಮಸಾಗರ ದಾರ್ಯಾಗ ಮುಂದಿನದು ಒಡೀತು. ಲಾರಿ ಪಲ್ಟಿ. ಕಾಕಾನ ಕಾಲು ಎರಡು ಕಡಿ ಮುರೀತು. ಇನ್ನ ಲಾರಿ ಓಡಸೂದು ಬ್ಯಾಡ ಅಂದಾರ ಡಾಕ್ಟ್ರು.

ಕಾಕಾನ್ನ ಮಾತಾಡ್ಸಾಕ ಅವರ ಮನಿಗೆ ಹೋದ್ನಿ. ಕಾಕಿ ಚಾ ಕೊಟ್ಟು ಬಾಜೂಕ ಕುಂತ್ಲು.

“ತಮ್ಮಾ, ಕೊಪ್ಪಳದಿಂದ ಬಂದಾಗ ಹೊಸಾ ಟೈರ್ ನೋಡಿ ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡಿದ್ನಿ. ಆದ್ರೂ ಒಂದು ಒಡೀತಲ್ಲ. ನನ್ನ ಪೂಜ್ಯಾಗ ಏನರ ತಪ್ಪಾತೇನು?”

ಕಾಕಾ ಹಾಸಗಿ ಮ್ಯಾಲಿಂದ ‘ಹೇಳಬ್ಯಾಡ’ ಅಂತ ಕಣ್ಣು ಹೊಡದ. ದಿನಕ್ಕ ಹತ್ತು ಸುಳ್ಳ ಹೇಳಾಂವ ನಾ. ಅವತ್ತ ಒಂದೂ ಬರಲಿಲ್ಲ.

“ಅವು ಬಾಡಗಿ ಟೈರು ಕಾಕಿ. ಅವತ್ತ ಸಂಜಿಕ ನಾನ ಬಿಚ್ಚೀನಿ.”

ಕಾಕಿ ಒಮ್ಮೆ ಕಾಕಾನ ಮಾರಿ ನೋಡಿ, ನನ್ನ ಕಡೆ ತಿರುಗಿದ್ಲು.

“ಈಗ ಎಲ್ಲಿ ಅದಾವ ಅವು?”

“ಕುಷ್ಟಗಿಯಾಂವ ಒಬ್ಬ ಖರೀದಿ ಮಾಡಿ ಒಯ್ದಾನ.”

“ಅವನ ಲಾರಿ ಛಲೋ ಐತೇನು?”

“ಒಂದು ಪಂಚರ್ ಸೈತ ಆಗಿಲ್ಲ.”

ಕಾಕಾ ತಡಕೊಳ್ಳಲಾರದ ನಕ್ಕ. ಕಾಲು ನೋಯ್ತು, ಅಯ್ಯೋ ಅಂದ, ಮತ್ತ ನಕ್ಕ. “ನೋಡಲೇ, ನಿನ್ನ ಪೂಜಿ ತಪ್ಪಿಲ್ಲ, ಅಡ್ರೆಸ್ ತಪ್ಪೈತಿ!”

ನನಗೂ ನಗು ಬಂದ್ಬಿಡ್ತು.

ಕಾಕಿ ನಗಲಿಲ್ಲ. ನನ್ನ ಕೈಯಾಗಿನ ತುಂಬಿದ ಚಾದ ಕಪ್ ಇಸ್ಕೊಂಡು ಎದ್ದು ಹೊರಗ ಹೋಗಿ ಬಾಗ್ಲಾ ಹಾಕಿದ್ಲು.