ಗೋಡೆಯಾಚೆ ಕೇಳಿಸಿದ ಗ್ರೀಕ್ ಶಬ್ದ

ವೆನಿಶಾ, ರೋಹನ್, ನಿಮ್ಮ ಅಜ್ಜಿಗೂ ಒಂದು ನಾಲಗೆ ಇದೆ ಎಂಬುದು ಅಜ್ಜ ಬದುಕಿರುವವರೆಗೆ ಕಾಟಿಪಳ್ಳದಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯಲು ನನಗೆ ಮೊದಲಿನಿಂದಲೂ ನಾಚಿಕೆ. ಹಂಪನಕಟ್ಟೆಯ ಡಾಕ್ಟರು "ಎಲ್ಲಿ ನೋವು?" ಎಂದು ನನ್ನನ್ನು ಕೇಳಿದರೆ ಅಜ್ಜನೇ "ಎಡಬದಿಗೆ" ಎನ್ನುತ್ತಿದ್ದರು. ನೋವು ಬಲಬದಿಗಿದ್ದರೂ ನಾನು ತಿದ್ದುತ್ತಿರಲಿಲ್ಲ. ಹೊಟ್ಟೆಗೆ ಹೋದ ಮಾತ್ರೆ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದಲ್ಲ!

ನಮ್ಮ ಚರ್ಚಿನ ವಾಡೆಯಲ್ಲಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪಿನಲ್ಲಿ, ತಿಂಗಳಿಗೊಂದು ಮನೆಯಲ್ಲಿ ಪ್ರಾರ್ಥನೆ. ಆ ಮನೆಯವರು ಧರ್ಮದ ಒಂದು ಶಬ್ದದ ಅರ್ಥ ಹೇಳಬೇಕು. ಅಜ್ಜ ಹೋದ ಮೇಲೆ ಮೊದಲ ಸಲ ನಮ್ಮ ಸರದಿ ಬಂದಾಗ ವಾಡೆಯ ಮುಖ್ಯಸ್ಥ ಲಿಗೋರಿ, "ಕಷ್ಟ ಆದ್ರೆ ಬೇಡ ಆಂಟಿ, ನಿಮ್ಮ ಮನೆ ಬಿಟ್ಟು ಮುಂದಿನದ್ದಕ್ಕೆ ಹೋಗ್ತೇವೆ" ಎಂದ. ಕನಿಕರದ ಮಾತೇ, ಆದರೆ ಚುಚ್ಚಿತು. ಅಜ್ಜನ ಜೊತೆಗೆ ಮನೆಯೂ ಪಟ್ಟಿಯಿಂದ ಹೋಗುವುದೇ? "ಮಾಡ್ತೇನೆ" ಎಂದುಬಿಟ್ಟೆ.

ಪವಿತ್ರಾತ್ಮರು ಇಳಿದುಬಂದ ದಿನದ ಪೆಂತೆಕೊಸ್ತ್ ಹಬ್ಬ ಹತ್ತಿರವಿತ್ತು. ನನ್ನ ಪಾಲಿಗೆ ಬಂದದ್ದು ಪವಿತ್ರಾತ್ಮರ ಹೆಸರು, 'ಪಾರಕ್ಲೀತ್'. ಫಾದರ್ ಒಂದು ಚೀಟಿ ಬರೆದುಕೊಟ್ಟರು. ಇದು ಗ್ರೀಕ್ ಶಬ್ದ. 'ಪಾರಾ' ಎಂದರೆ ಪಕ್ಕದಲ್ಲಿ, 'ಕ್ಲೇತೊಸ್' ಎಂದರೆ ಕರೆಯಲ್ಪಟ್ಟವರು. ಹಿಂದೆ ನ್ಯಾಯಸ್ಥಾನದಲ್ಲಿ ಒಬ್ಬಂಟಿಯಾಗಿ ನಿಂತವನ ಪರ ಮಾತಾಡಲು ಪಕ್ಕಕ್ಕೆ ಕರೆದವರನ್ನು ಹೀಗೆ ಕರೆಯುತ್ತಿದ್ದರಂತೆ. ಕನ್ನಡದಲ್ಲಿ 'ಸಹಾಯಕ' ಎನ್ನುತ್ತೇವೆ. ಹಳ್ಳಿ ಶಾಲೆಯಲ್ಲಿ ಇಂಗ್ಲಿಷಿನ ಮುಖವನ್ನೇ ಸರಿಯಾಗಿ ನೋಡದ ನನಗೆ ಈಗ ಗ್ರೀಕ್!

ಒಂದು ವಾರ ಬಟ್ಟೆ ಒಣಹಾಕುತ್ತಾ ಗಟ್ಟಿಯಾಗಿ ಉರುಹೊಡೆದೆ. ಗೋಡೆಯಾಚೆ ಮೀನು ಕೊಯ್ಯುತ್ತಿದ್ದ ನೆರೆಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಐಸಮ್ಮ, "ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಬೈಯುವುದು?" ಎಂದಳು. ವಿಷಯ ಹೇಳಿದೆ. "ಹಾಗಾದ್ರೆ ಸ್ವಲ್ಪ ಜೋರು ಹೇಳು. ಇಲ್ಲಿಗೆ ಅರ್ಧವೇ ಕೇಳುವುದು."

ಪ್ರಾರ್ಥನೆಯ ದಿನ ಐಸಮ್ಮ ತನ್ನ ಮನೆಯ ಕುರ್ಚಿಗಳನ್ನು ತಂದುಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಎದ್ದೆ. ಚೀಟಿ ಕಳೆಯಬಾರದೆಂದು ಅಜ್ಜನ ಫೋಟೋದ ಹಿಂದೆ ಇಟ್ಟಿದ್ದೆ. ಫೋಟೋ ಇದ್ದದ್ದು ಬಾಗಿಲಿನ ಮೇಲೆ. ಎಲ್ಲರೆದುರು ಸ್ಟೂಲು ಹತ್ತುವುದು ಹೇಗೆ? "ಪಾರಕ್ಲೀತ್ ಎಂದರೆ..." ಎಂದು ಶುರುಮಾಡಿ ಮುಂದಿನದು ಮರೆತು ನಿಂತುಬಿಟ್ಟೆ. ಲಿಗೋರಿ ಕೀರ್ತನೆ ಎತ್ತಲು ಗಂಟಲು ಸರಿಮಾಡಿಕೊಂಡ.

"'ಪಾರಾ' ಅಂದ್ರೆ ಪಕ್ಕದಲ್ಲಿ, ಹೇಳು ಮಾರಾಯ್ತಿ!" ಅಡುಗೆಮನೆಯಿಂದ ದನಿ ಬಂತು. "ಒಂದು ವಾರ ನನ್ನ ತಲೆ ತಿಂದದ್ದು ಎಂತಕ್ಕೆ ಮತ್ತೆ?"

ಮನೆ ತುಂಬ ನಗು. ನಾನೂ ನಕ್ಕು, "ನೀನು ಇಲ್ಲಿ ಬಾ" ಎಂದೆ. ಅವಳು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ಆಮೇಲೆ ಎಲ್ಲ ಹೇಳಿದೆ. ನ್ಯಾಯಸ್ಥಾನದ ಹತ್ತಿರ ಮಾತ್ರ ಅವಳು ಎರಡು ಸಲ ತಿದ್ದಬೇಕಾಯಿತು. ಕೊನೆಗೆ ಚೀಟಿಯಲ್ಲಿ ಇಲ್ಲದ ಒಂದು ಮಾತು ತಾನಾಗಿ ಬಂತು: "ನಮ್ಮ ಮನೆಯವರು ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತು ಮಾಡಿದ್ದೂ ಇದೇ ಕೆಲಸ." ಆಗ ಯಾರೂ ನಗಲಿಲ್ಲ.

ಹೊರಡುವಾಗ ಲಿಗೋರಿ, "ಮುಂದಿನ ವರ್ಷವೂ ನಿಮ್ಮ ಮನೆ ಉಂಟು ಆಂಟಿ. ಇಬ್ಬರೂ ತಯಾರಾಗಿ" ಎಂದ. ಡಾಕ್ಟರಲ್ಲಿಗೂ ಈಗ ಐಸಮ್ಮನೇ ಜೊತೆ. ಅವಳು "ಎರಡೂ ಬದಿಗೆ" ಎನ್ನುತ್ತಾಳೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ, ಮುಂದಿನ ಸರದಿಗೆ ನನಗೇ ಬೇಕಾದಾವು. ಅಜ್ಜನ ಫೋಟೋದ ಹಿಂದೆ ಮಾತ್ರ ಬೇಡ. ಆ ಚೀಟಿ ಇನ್ನೂ ಅಲ್ಲೇ ಇದೆ. ಸ್ಟೂಲು ಹಿಡಿಯಲು ಐಸಮ್ಮನನ್ನು ಕರೆದಿದ್ದೇನೆ.