ಷಡ್ಡಕನ ವಿಮಾನ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಒಂದೇ ತಾಸು ಎಂದು ಪ್ರದೀಪ ಹೇಳದೇ ಇದ್ದಿದ್ದರೆ, ಕೊಟ್ರೇಶನಿಗೆ ಕುರಿಗಳ ನಡುವೆ ಕೂರುವ ಪ್ರಸಂಗ ಬರುತ್ತಿರಲಿಲ್ಲ.

ನ್ಯಾಮತಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಕೊಟ್ರೇಶ ಚನ್ನಗಿರಿ ಕಲ್ಲೇಶಪ್ಪನವರ ದೊಡ್ಡಳಿಯ. ಹೊನ್ನಾಳಿಯ ಪ್ರದೀಪ ಸಣ್ಣಳಿಯ. ಬೆಂಗಳೂರಲ್ಲಿ ನೆಂಟರ ಮದುವೆ ಮುಗಿಸಿ, ಮರುದಿನ ಮಾವನ ಅರವತ್ತರ ಊಟಕ್ಕೆ ಇಬ್ಬರೂ ಚನ್ನಗಿರಿ ಸೇರಬೇಕಿತ್ತು.

"ಅಣ್ಣಾ, ನಾನು ವಿಮಾನದಾಗೆ ಬರ್ತೀನಿ. ಒಂದೇ ತಾಸು. ನೀವು ಬಸ್ಸಿನಾಗೆ ನಿದ್ದೆ ಮಾಡ್ಕಂತ ಬರ್ರಿ," ಎಂದ ಪ್ರದೀಪ.

ಕೊಟ್ರೇಶನ ಹೊಟ್ಟೆಯೊಳಗೆ ಮೆಣಸಿನಕಾಯಿ ಬಜ್ಜಿ ಕಾದೆಣ್ಣೆಗೆ ಬಿದ್ದಂತಾಯಿತು. "ಒಂದು ತಾಸು ಹಾರಾಕೆ ಕಣಪ್ಪ. ಏರ್‌ಪೋರ್ಟಿಗೆ ಹೋಗಾಕೆ, ಸಾಲಿನಾಗೆ ನಿಲ್ಲಾಕೆ, ಬೆಲ್ಟು ಬಿಚ್ಚಿ ಕೊಡಾಕೆ, ಆ ಕಡೆ ಇಳಿದು ಕಾರು ಹಿಡಿಯಾಕೆ? ಅದನ್ನೆಲ್ಲ ಯಾರು ಲೆಕ್ಕ ಹಾಕ್ತಾರೆ? ನಾನೇ ಮೊದ್ಲು ಮುಟ್ತೀನಿ."

ಮಾತು ಫೋನಿನಲ್ಲಿ ಅತ್ತೆ ಸಿದ್ದಲಿಂಗಮ್ಮನವರೆಗೂ ಹೋಯಿತು. "ಯಾರು ಮೊದ್ಲು ಬರ್ತೀರೋ ಅವರಿಗೆ ಮಾವನ ಪಕ್ಕದ ಎಲೆ," ಎಂದು ನಕ್ಕರು. ಕೊಟ್ರೇಶನಿಗೆ ನಗು ಬರಲಿಲ್ಲ. ಮದುವೆಯಾದಾಗಿನಿಂದ ಆ ಎಲೆ ಅವನದೇ ಆಗಿತ್ತು.

ಬೆಳಗಿನ ಮೊದಲ ಬಸ್ಸು ಹಿಡಿದ. ದಾರಿಯಲ್ಲಿ ಎಲ್ಲರೂ ಇಡ್ಲಿಗೆ ಇಳಿದರೆ, ಇವನು ಕಂಡಕ್ಟರ್ ಬೆನ್ನು ಹತ್ತಿ, "ಬೇಗ ತಿನ್ರಿ, ಎರಡನೇ ಸಲ ಚಟ್ನಿ ಯಾಕ್ರೀ?" ಎಂದು ಬೈಸಿಕೊಂಡ. ಹೊಳಲ್ಕೆರೆ ದಾಟಿದ್ದೇ ಬಸ್ಸು ಪಂಕ್ಚರ್. ಹಿಂದೆ ಬಂದ ಜಗಳೂರಿನ ಬೋರಣ್ಣನ ಗೂಡ್ಸ್ ಗಾಡಿಗೆ ಕೈ ಅಡ್ಡ ಹಿಡಿದ.

"ಮುಂದೆ ಜಾಗ ಇಲ್ರೀ. ಹಿಂದೆ ಕುರಿ ಅದಾವೆ," ಎಂದ ಬೋರಣ್ಣ.

"ಅವಕ್ಕೆ ಅಡ್ಡಿ ಇಲ್ಲ ಅಂದ್ರೆ ನನಗೂ ಇಲ್ಲ. ವಿಮಾನಕ್ಕಿಂತ ಮೊದ್ಲು ಮುಟ್ಟಿಸ್ರಿ ಸಾಕು."

ಬೋರಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮನ್ಯಾಗೆ ಹೇಳಿ ಬಂದೀರಾ?"

ಅತ್ತೆಗೆಂದು ತಂದಿದ್ದ ಮಲ್ಲಿಗೆ ದಂಡೆಯನ್ನು ಚನ್ನಗಿರಿ ಬರುವಷ್ಟರಲ್ಲಿ ಒಂದು ಟಗರು ದಾರದ ಸಮೇತ ಮುಗಿಸಿತ್ತು. ಹೋಗಲಿ. ಅತ್ತೆಯ ಮನೆ ಬಾಗಿಲಲ್ಲಿ ಪ್ರದೀಪನ ಬೂಟು ಇರಲಿಲ್ಲ. ಕೊಟ್ರೇಶ ಗೆದ್ದಿದ್ದ.

ಮೊದಲೇ ತವರಿಗೆ ಬಂದಿದ್ದ ಹೆಂಡತಿ ಶಿವಲೀಲಾ ಮೂಗು ಮುಚ್ಚಿಕೊಂಡೇ ಸ್ನಾನಕ್ಕೆ ನೀರು ತೋಡಿ ಕೊಟ್ಟಳು. ಮಿಂದು ಬಂದು ಮಾವನ ಪಕ್ಕದ ಎಲೆಯ ಮುಂದೆ ಹೊಸ ಮದುಮಗನಂತೆ ಕೂತ. ಹೋಳಿಗೆ ಮಾತ್ರ ಬರಲಿಲ್ಲ.

"ಅವರೂ ಬರ್ಲಿ ತಡೀರಿ," ಎಂದರು ಅತ್ತೆ. "ಆಕಾಶದಾಗೆ ಇರೋರನ್ನ ಬಿಟ್ಟು ಹೆಂಗೆ ಬಡಿಸಾದು?"

ಎಲೆ ಬಾಡಿತು, ಕೊಟ್ರೇಶನೂ ಬಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಪ್ರದೀಪ ಬಂದ.

"ಯಾಕಪ್ಪಾ, ನಿನ್ನ ಒಂದು ತಾಸು ಈಗ ಮುಗೀತಾ?"

"ಶಿವಮೊಗ್ಗದಾಗೆ ಮೋಡ ಅಣ್ಣಾ. ಮೇಲೇ ಸುತ್ತು ಹೊಡೆದು, ಇಳಿಯಾಕಾಗ್ದೆ ವಾಪಸ್ ಬೆಂಗಳೂರಿಗೆ ಹೋದ್ವಿ. ಮೋಡ ಸರಿದ ಮೇಲೆ ಮತ್ತೆ ಬಂದ್ವಿ."

ಕೊಟ್ರೇಶ ಮೀಸೆ ತಿರುವಿ ಎಲ್ಲರ ಮುಖ ನೋಡಿದ. ಸಿದ್ದಲಿಂಗಮ್ಮ ಕೆನ್ನೆಗೆ ಕೈ ಹಚ್ಚಿದ್ದರು.

"ಅಂದ್ರೆ ಮೂರು ಸರ್ತಿ ಹಾರಿದ್ರಾ? ಒಂದೇ ಟಿಕೀಟಿಗೆ?"

"ಹೂಂ ಅತ್ತೆ. ಮತ್ತೆ ದುಡ್ಡೇನೂ ಕೇಳಲಿಲ್ಲ."

ಅಡುಗೆಮನೆಯಲ್ಲಿದ್ದವರೆಲ್ಲ ನಡುಮನೆಗೆ ಬಂದರು. ಮಾವ ಕಲ್ಲೇಶಪ್ಪ ಕೈ ಬೀಸಿ ಕರೆದರು. "ಬಾರಪ್ಪ, ಸುತ್ತು ಹೊಡಿಯಾದು ಹೆಂಗಿರ್ತೈತೆ, ಪಕ್ಕಕ್ಕೆ ಕೂತು ಹೇಳು. ಕೊಟ್ರೇಶಪ್ಪ, ಒಂಚೂರು ಆ ಕಡೆ ಸರೀರಿ."

ಕೊಟ್ರೇಶ ಸರಿದ. ಅವನ ಎಲೆಗೆ ಹೋಳಿಗೆ ಹಾಕುತ್ತ ಶಿವಲೀಲಾ ಮೆಲ್ಲಗೆ ಅಂದಳು: "ನೀವೂ ಅದೀರಿ ನೋಡ್ರಿ. ಪೂರ್ತಿ ಟಿಕೀಟು ತಗಂಡು ಅರ್ಧ ದಾರಿಗೇ ಇಳಿದು ಬಂದೀರಿ."