ಕಂಡಕ್ಟರನ ಖಾಕಿ ಬುಕ್ಕು

“ಈ ಸಲ ಆಟ ಆರಿಸಾಕಿ ನಾನು! ಯಾರೂ ನಡುವ ಬಾಯಿ ಹಾಕಬ್ಯಾಡ್ರಿ!”

ಸಾವಂತ್ರವ್ವ ಹೀಗಂದಾಗ ಆಕಿ ಕೈಯಾಗ ಚಾದ ತಾಟು ಇತ್ತು. ಎದುರಿಗೆ ಚಾಪಿ ಮ್ಯಾಲೆ ಮೂರು ಮಂದಿ ಕುಂತಿದ್ದರು. ಮೂವರೂ ಒಬ್ಬರ ಮಾರಿ ಒಬ್ಬರು ನೋಡಿದರು.

ಆಕಿ ಅಂಜಲಿಲ್ಲ. ಮೂವತ್ತು ವರ್ಷ ಸಂತ್ಯಾಗ ಬದನಿಕಾಯಿ ಆರಿಸಿದ ಕೈ ಅದು! ಒಳಗ ಹುಳ ಐತೋ ಇಲ್ಲೋ, ಹೊರಗ ಮುಟ್ಟಿ ಹೇಳುತ್ತಿತ್ತು. ಇಬ್ಬರು ಮೈದುನರಿಗೆ ಹೆಣ್ಣು ಆರಿಸಿದಾಕಿನೂ ಆಕೀನ. ಎರಡೂ ಸಂಸಾರ ನೆಟ್ಟಗ ನಡೆದಾವ. ಸಾಲಿ ಮೂರನೇತ್ತಕ್ಕ ಬಿಟ್ಟದ್ದು ಖರೆ. ಆದರ ಬದನಿಕಾಯಿ ಮ್ಯಾಲೆ ಏನು ಬರೆದಿರತದ?

ಆಟ ಅಂದರ ಇಸ್ಪೇಟ ಅಲ್ಲ, ಚೌಕಾಬಾರಾ ಅಲ್ಲ. ಕುಂತಲ್ಲೇ ಕುಂತು ಕತಿ ಆಡುವ ಆಟ. ಒಬ್ಬ ಕತಿ ನಡೆಸಬೇಕು. ಉಳಿದವರು ಆ ಕತಿಯೊಳಗಿನ ಮಂದಿ ಆಗಬೇಕು. “ಮುಂದ ಒಂದು ಗವಿ ಐತಿ, ಏನ ಮಾಡತೀರಿ?” ಅಂತ ಕತಿಯವ ಕೇಳಬೇಕು. “ಒಳಗ ಹೋಗತೇವಿ” ಅಂತ ಇವರು ಅನ್ನಬೇಕು. ಆಮ್ಯಾಲೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಯಾವ ಅಂಕಿಗೆ ಬದುಕಿದ, ಯಾವ ಅಂಕಿಗೆ ಸತ್ತ ಅನ್ನೋದನ್ನ ನಿಯಮದ ಬುಕ್ಕು ಹೇಳತದ. ಅಂಥಾ ಬುಕ್ಕು ಒಂದಲ್ಲ, ನೂರು ಅದಾವಂತ! ಕತಿಗೋಳಂತೂ ಎಣಿಸಾಕ ಆಗಂಗಿಲ್ಲಂತ!

ಆರು ವರ್ಷ ವಿಜಯಪುರದ ಆ ಮನಿಯಾಗ ಕತಿ ನಡೆಸಿದವ ಆಕಿ ಗಂಡ ಬಸಗೊಂಡಪ್ಪ. ಬಸ್ಸಿನ ಕಂಡಕ್ಟರ. ವಿಜಯಪುರದಿಂದ ತಿಕೋಟಾ ಹಾಯ್ದು ಕನಮಡಿ ತನಕ ಇಪ್ಪತ್ತೆಂಟು ವರ್ಷ ಸೀಟಿ ಊದಿದವ. ರಿಟೈರ್ ಆದ ಮ್ಯಾಲೆ ಸೀಟಿ ಇಟ್ಟು ದಾಳ ಹಿಡಿದ. ಹಿಡಿಸಿದವ ಅರುಣಕುಮಾರ. ಕಾಲೇಜಿಗೆ ತಿಕೋಟಾದಿಂದ ಅದೇ ಬಸ್ಸಿನಾಗ ಬರುತ್ತಿದ್ದವ, ಈಗ ತನ್ನ ಊರಾಗ ಔಷಧದ ಅಂಗಡಿ ಇಟ್ಟಾನ. ಎರಡನೇದಾಕಿ ನಂದಾ, ಬಬಲೇಶ್ವರದಾಗ ಸಾಲಿ ಟೀಚರ. ಮೂರನೇದವ ಶಕೀಲ, ಸಾರವಾಡದಾಗ ಟ್ರ್ಯಾಕ್ಟರಿನ ಟ್ರೇಲರ್‌ಗೆ ಬೆಸುಗಿ ಹಾಕಾವ. ಕತಿಯೊಳಗ ಅರುಣಕುಮಾರ ಮಂತ್ರಗಾರ. ನಂದಾ ಕಳ್ಳಿ. ಆರಡಿ ಶಕೀಲ ಕುಳ್ಳ!

ಬಸಗೊಂಡಪ್ಪ ಹೋಗಿ ಎಂಟು ತಿಂಗಳಾಗಿತ್ತು. ಒಂದು ರವಿವಾರ ಮುಂಜಾನೆ ಹಲ್ಲುಜ್ಜಾಕ ಹಿತ್ತಲಕ್ಕ ಹೋದವ ಅಲ್ಲೇ ಕುಂತ. ಮತ್ತ ಏಳಲಿಲ್ಲ. ಹಿಂದಿನ ವಾರ ಆಟ ನಿಂತಾಗ ಕತಿಯೊಳಗಿನ ಮೂವರು ಒಂದು ಕರಿ ಬಾಗಲದ ಮುಂದ ಬಂದು ನಿಂತಿದ್ದರು. ಈಗೂ ಅಲ್ಲೇ ನಿಂತಾರ.

ಮೂವರೂ ರವಿವಾರ ಬರೋದು ಬಿಟ್ಟಿರಲಿಲ್ಲ. ಬಂದು ಚಾ ಕುಡಿಯುತ್ತಿದ್ದರು, ಗೋಡಿ ನೋಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಎಷ್ಟಂತ ಗೋಡಿ ನೋಡತಾರ? ಹೋದ ವಾರ ಅರುಣಕುಮಾರ ಬಾಯಿ ಬಿಟ್ಟ: “ಕಾಕು, ಹೊಸಾ ಬುಕ್ಕು, ಹೊಸಾ ಕತಿ ಹಿಡೀಬೇಕಂತ ಮಾಡೇವ್ರಿ. ನಿಮಗ ಯಾಕ ತ್ರಾಸು? ನಮ್ಮ ಅಂಗಡಿ ಮ್ಯಾಲಿನ ಖೋಲಿ ಖಾಲಿ ಐತಿ.”

ಆ ಖೋಲಿ ತಿಕೋಟಾದಾಗ. ಆಟ ಅಲ್ಲಿಗೆ ಹೋದರ ರವಿವಾರನೂ ಅಲ್ಲಿಗೆ ಹೋಗತದ. ವಾರದಾಗ ಆರು ದಿನ ಸಾವಂತ್ರವ್ವನ ಮನಿಯಾಗ ಕುಕ್ಕರ್ ಬಿಟ್ಟು ಯಾರೂ ಮಾತಾಡುತ್ತಿರಲಿಲ್ಲ. ಏಳನೇದೂ ಹೋದರ?

“ತ್ರಾಸಿಲ್ಲ ಏನಿಲ್ಲ,” ಅಂದಿದ್ದಳು. “ಮುಂದಿನ ವಾರ ಬುಕ್ಕು ತೊಗೊಂಡ ಬರ್ರಿ. ನಾ ಆರಿಸಿ ಕೊಡತೇನಿ. ನಾ ಆರಿಸಿದ್ದು ಇಲ್ಲೇ ಆಡಬೇಕು.”

ಹಂಗಾಗಿ ಇವತ್ತಿನ ಈ ದರಬಾರು!

“ಶಕೀಲ, ಮೊದಲ ಆ ಚಪ್ಪಲಿ ಹೊರಗ ಬಿಡು.”

“ಹೊರಗ ಬಿಟ್ಟೇನ್ರಿ ಕಾಕು.”

“ಹೊಸ್ತಿಲ ಹೊರಗ ಅಲ್ಲ. ಕಟ್ಟಿ ಹೊರಗ.”

ಶಕೀಲ ಎದ್ದು ಹೋಗಿ ಬಿಟ್ಟು ಬಂದ. ಆ ಮನಿಯಾಗ ಇದಕ್ಕ ವಾದ ಇರಲಿಲ್ಲ.

ಮೊದಲ ಬಂತು ಅರುಣಕುಮಾರನ ಬುಕ್ಕು. ಮುನ್ನೂರಾ ಇಪ್ಪತ್ತು ಪುಟ. ತುಂಬ ಬಣ್ಣಬಣ್ಣದ ರಾಕ್ಷಸರು. ಸಾವಂತ್ರವ್ವ ಎತ್ತಿ ತೂಗಿದಳು. ಬೆರಳಿಲೆ ತಟ್ಟಿದಳು. ಮೂಗಿಗೆ ಹಿಡಿದಳು.

“ಕಾಕು, ಕಲ್ಲಂಗಡಿ ಅಲ್ರಿ ಅದು.”

“ಗೊತ್ತೈತಿ. ಒಂದು ಮಾತು ಕೇಳತೇನಿ, ನೆಟ್ಟಗ ಹೇಳು. ಇದರಾಗ ಸತ್ತವರು ಏನಾಗತಾರ?”

ಅರುಣಕುಮಾರ ಹುರುಪಿನಿಂದ ಹೇಳಿದ: “ಸತ್ತರ ಚಿಂತಿನ ಇಲ್ರಿ! ದೊಡ್ಡದೊಂದು ವಜ್ರ ತಂದು ಮಂತ್ರ ಹಾಕಿದರ ಎದ್ದು ಕುಂದರತಾರ!”

“ವಜ್ರ ಇದ್ದವರು ಏಳತಾರ. ಇಲ್ಲದವರು?”

“ಇಲ್ಲದವರು... ಏಳಂಗಿಲ್ರಿ.”

“ಒಯ್ಯಿ ಅತ್ತಾಗ.”

ನಂದಾನ ಬುಕ್ಕು ಹನ್ನೆರಡು ಪುಟ. ಪಂಚಾಂಗಕ್ಕಿಂತ ತೆಳ್ಳಗ. ಒಂದು ಹಳೇ ವಾಡೆ, ಒಳಗ ದೆವ್ವಗೋಳು. ಕಲಿಯಾಕ ಒಂದು ತಾಸು ಸಾಕಂತ.

“ಸತ್ತವರು?”

“ದೆವ್ವ ಆಗತಾರ್ರಿ ಕಾಕು. ಅದೇ ಮನಿಯಾಗ ತಿರಗತಾರ. ಮಾತಾಡತಾರ, ಅಡಗಿಮನಿಯಾಗ ಪಾತ್ರಿ ಸಪ್ಪಳ ಮಾಡತಾರ...”

ನಂದಾ ಸಾವಂತ್ರವ್ವನ ಮಾರಿ ನೋಡಿದಳು. ಅಲ್ಲಿಗೇ ನಿಲ್ಲಿಸಿದಳು.

“ಸುಳ್ಳು,” ಅಂದಳು ಸಾವಂತ್ರವ್ವ. “ಎಂಟು ತಿಂಗಳಾತು. ಒಂದು ಚಮಚಾ ಸಪ್ಪಳಾಗಿಲ್ಲ. ಒಯ್ಯಿ.”

ಶಕೀಲನ ಬುಕ್ಕು ಫೋನಿನ್ಯಾಗ ಇತ್ತು. ಅವ ಇನ್ನಿಬ್ಬರ ಗತಿ ನೋಡಿದ್ದ. ತಾನಾಗಿ ಸತ್ತವರ ಸುದ್ದಿ ತೆಗೆದ.

“ಇದರಾಗ ಭಾಳ ಮಂದಿ ಸಾಯತಾರ್ರಿ ಕಾಕು. ಒಂದು ಗವಿ ದಾಟೂದ್ರಾಗ ಇಬ್ಬರು ಹೋಗತಾರ. ಆದರ ಅದಕ್ಕ ಅಳೂದು ಕರೆಯೂದು ಏನೂ ಇಲ್ಲ. ಸತ್ತ ಕೂಡಲೆ ಹೊಸಾವನ್ನ ಬರಕೊಂಡ ಬಿಡೂದು. ಹೆಸರು, ಕಸಬು, ಕೈಯಾಗೊಂದು ಕತ್ತಿ. ಹತ್ತು ಮಿನಿಟಿನ ಕೆಲಸ.”

“ಹತ್ತು ಮಿನಿಟು?”

“ಹೂಂನ್ರಿ.”

“ಹತ್ತು ಮಿನಿಟಿನ್ಯಾಗ ಹೊಸಾವ ಬಂದು ಅವನ ಜಾಗಾದಾಗ ಕುಂದರತಾನ?”

ಶಕೀಲ ಫೋನು ಕಿಸೆದಾಗ ಇಟ್ಟುಕೊಂಡ. ಅವನಿಗೆ ‘ಒಯ್ಯಿ’ ಅನ್ನಬೇಕಾಗಲಿಲ್ಲ.

ಚಾ ಆರಿತು. ಚುರುಮುರಿ ಮೆತ್ತಗಾತು. ಬುಟ್ಟಿ ತುಂಬ ಹುಳುಕು ಬದನಿಕಾಯಿ! ಇನ್ನೇನು ಅರುಣಕುಮಾರ ತನ್ನ ಖೋಲಿ ಮಾತು ತೆಗೀತಾನ ಅಂತ ಸಾವಂತ್ರವ್ವನಿಗೆ ಕಾಣಿಸಿತು. ಅವ ಗಂಟಲಾ ಸರಿಮಾಡಿಕೊಳ್ಳಾಕ ಹತ್ತಿದ್ದ. ಆಕಿ ಅವನಿಗಿಂತ ಮೊದಲ ಕೇಳಿದಳು:

“ಅವರ ಆಟದಾಗ ಸತ್ತವರು ಏನಾಗತಿದ್ದರು?”

ಆರು ವರ್ಷ ಅದೇ ಮನಿಯಾಗ ಆಡಿದ ಆಟ. ಆದರ ಆಕಿ ಒಂದು ದಿನ ಬಂದು ಕುಂತಿರಲಿಲ್ಲ. ಮುದುಕ ಆದ ಮ್ಯಾಲೆ ಹುಡುಗಾಟಕಿ ಅಂತ ಬೈದು ಅಡಗಿಮನಿ ಸೇರುತ್ತಿದ್ದಳು.

“ಯಾರೂ ಸಾಯಲೇ ಇಲ್ರಿ,” ಅಂದಳು ನಂದಾ.

“ಒಬ್ಬರೂ?”

“ಒಬ್ಬರೂ ಇಲ್ರಿ. ದಾಳ ಎಷ್ಟರ ಕೆಟ್ಟದ್ದು ಬೀಳವಲ್ದ್ಯಾಕ. ಕಾಕಾ ಮುಂದ ರಟ್ಟು ನಿಲ್ಲಿಸಿ, ಅದರ ಹಿಂದ ಬುಕ್ಕು ತೆಗೀತಿದ್ದರು. ಬೆರಳಿಗೆ ಉಗುಳು ಹಚ್ಚಿ ಹಾಳಿ ತಿರುವತಿದ್ದರು. ‘ಇವನ ಸ್ಟಾಪ್ ಇನ್ನೂ ಬಂದಿಲ್ಲ’ ಅಂತಿದ್ದರು. ಮುಗೀತು. ಬುಕ್ಕಿನ್ಯಾಗ ಐತಿ ಅಂದ ಮ್ಯಾಲೆ ವಾದ ಎಲ್ಲಿಂದು?”

ಸಾವಂತ್ರವ್ವ ಎದ್ದು ನಿಂತಳು. ತಲಿ ಮ್ಯಾಲೆ ಕಿರೀಟ ಒಂದು ಕಡಿಮಿ!

“ಮತ್ತ ಅದೇ ಬುಕ್ಕು! ಆರಿಸಿದೆ ನೋಡ್ರಿ! ಅಂಥಾ ಬುಕ್ಕು ಈ ಜಿಲ್ಲಾದಾಗ ಮತ್ತೊಂದಿಲ್ಲ! ಯಾರರ ಒಬ್ಬರು ಓದಿ ಕತಿ ನಡೆಸ್ರಿ. ಈ ಮನಿಯಾಗ! ಈ ಚಾಪಿ ಮ್ಯಾಲೆ!”

ಮೂವರ ಕಣ್ಣೂ ಅರಳಿದವು. ಆ ಬುಕ್ಕನ್ನ ಅವರು ಯಾರೂ ಮುಟ್ಟಿರಲಿಲ್ಲ. ಕತಿ ನಡೆಸಾವ ಬಿಟ್ಟು ಮತ್ತೊಬ್ಬರು ನೋಡಬಾರದು ಅಂತ ಬಸಗೊಂಡಪ್ಪನ ಕಟ್ಟಳೆ. ಅದು ಖಾಕಿ ಹಾಳಿ ಸುತ್ತಿಕೊಂಡು ಕಪಾಟಿನ ಮ್ಯಾಲೆ ಇತ್ತು, ಸೀಟಿ ಪಕ್ಕಕ್ಕ. ಆಕಿ ವಾರಕ್ಕೊಮ್ಮೆ ಧೂಳಾ ಹೊಡೆದು ಹಂಗೇ ಇಡುತ್ತಿದ್ದಳು.

“ಅದು ನಾ ಕೊಟ್ಟ ಬುಕ್ಕರಿ,” ಅಂದ ಅರುಣಕುಮಾರ ಎದಿ ಉಬ್ಬಿಸಿ. “ಇಂಗ್ಲೀಷಿಂದು. ಕಾಕಾ ಪೂರಾ ಅರಗಿಸಿಕೊಂಡಿದ್ದರು!”

ಸಾವಂತ್ರವ್ವ ಬುಕ್ಕು ಇಳಿಸಿ ಅವನ ಮುಂದ ಹಿಡಿದಳು. “ತೊಗೋ. ದೊಡ್ಡ ದನಿಲೆ ಓದು.”

ಅರುಣಕುಮಾರ ಎರಡೂ ಕೈಲೆ ಇಸಿದುಕೊಂಡ. ತೆಗೆದ. ಎರಡು ಹಾಳಿ ತಿರುವಿ ಮತ್ತ ಮೊದಲನೇದಕ್ಕ ಬಂದ.

“ಓದೋ.”

“ಕಾಕು...”

“ಇಂಗ್ಲೀಷ್ ಐತೇನು? ಕನ್ನಡದಾಗ ಹೇಳು.”

“ಕನ್ನಡದಾಗಽ ಐತ್ರಿ. ‘ವಿಜಯಪುರ. ತಿಕೋಟಾ. ಬಾಬಾನಗರ. ಬಿಜ್ಜರಗಿ. ಕನಮಡಿ. ಈ ಗೆರಿಗಿಂತ ಗಿಡ್ಡ ಇದ್ದವರಿಗೆ ಅರ್ಧ ಟಿಕೇಟು...’”

ಬಸ್ ಚಾರ್ಜಿನ ಹಳೇ ಬುಕ್ಕು!

ಶಕೀಲ ಕುಂತಲ್ಲೇ ಹಾರಿದ. “ಅದಕ್ಕಽ! ನನ್ನ ಕುಳ್ಳಗ ಯಾವಾಗಲೂ ಅರ್ಧ ಪೆಟ್ಟು ಬೀಳತಿತ್ತು!”

“ನಾ ಕದ್ದು ಕ್ವಾಟಿ ಗೋಡಿ ಹಾರಿ ಹೊಕ್ಕಾಗ ಹತ್ತು ಪಟ್ಟು ದಂಡ ಹಾಕಿದರಲ್ಲ!” ಅಂದಳು ನಂದಾ. “ಟಿಕೇಟು ಇಲ್ಲದ ಪ್ರಯಾಣ!”

ಅರುಣಕುಮಾರ ಹಣಿ ಹಿಡಕೊಂಡ. “ರಾಕ್ಷಸರ ಗುಡ್ಡಕ್ಕ ಯಾವ ದಾರಿ ಹಿಡಿದರೂ ನಡುವ ಬರೋಬ್ಬರಿ ಮೂರಽ ಊರು ಯಾಕ ಬರತಾವ ಅಂತಿದ್ದೆ. ಯಪ್ಪಾ! ಆರು ವರ್ಷ ನಾವು ಕನಮಡಿಗೆ ಹೋಗಿ ಬಂದೇವಿ! ಮತ್ತ ನಾ ಕೊಟ್ಟ ಬುಕ್ಕು ಎಲ್ಲೈತಿ?”

ಸಾವಂತ್ರವ್ವನಿಗೆ ಗೊತ್ತಿತ್ತು. “ಹಿಟ್ಟಿನ ಡಬ್ಬಿ ಅಲುಗತಿತ್ತು,” ಅಂದಳು ಸಣ್ಣ ದನಿಲೆ. “ಅದರ ಬುಡಕ್ಕ ಐತಿ. ಅವರಽ ಇಟ್ಟಿದ್ದರು.”

ಗಾಲಿ ಗಾಳಿ ಹೋದ ಬಸ್ಸಿನಂಗ ಆಕಿ ಜೋರು ಇಳಿದುಹೋತು. ಜಿಲ್ಲಾದಾಗ ಮತ್ತೊಂದಿಲ್ಲ ಅಂದಿದ್ದಳಲ್ಲ! ಸತ್ತವನನ್ನ ತಾನಽ ಕಪಾಟಿನಿಂದ ಇಳಿಸಿ ನಗಿಗೀಡು ಮಾಡಿದಂಗ ಅನಿಸಿತು. “ಕೊಡ ಇಲ್ಲಿ,” ಅಂತ ಬುಕ್ಕು ಕಸಿದಳು. ಕಸಿಯೂದ್ರಾಗ ಅದರೊಳಗಿನ ಬಿಡಿ ಹಾಳಿ ಚಾಪಿ ತುಂಬ ಉದುರಿದವು.

ಬಸ್ಸಿನ ಹಳೇ ಚೀಟಿ ಹಾಳಿ. ಹಿಂದಿನ ಬಗಲಿಗೆ ಬಸಗೊಂಡಪ್ಪನ ದುಂಡನ್ನ ಅಕ್ಷರ. ಒಂದೊಂದು ರವಿವಾರಕ್ಕ ಒಂದೊಂದು ಹಾಳಿ. ನಂದಾ ಒಂದನ್ನ ಎತ್ತಿ ಸಾಲಿ ದನಿಲೆ ಓದಿದಳು.

“‘ಗುಡ್ಡದ ಭೂತ. ಅದು ಏನು ಬೇಡತದ? ಸಾ. ಹೇಳಿದ್ದು: ಎಂಟು ದಿನ ಆತು ನಳಾ ಬಂದಿಲ್ಲ, ಹನ್ನೆರಡು ಕೊಡಾ ನೀರು ಬೇಡತದ.’”

“ಆ ನೀರಿನ ಭೂತ!” ಅಂದ ಶಕೀಲ. “ಹೊತ್ತು ಹೊತ್ತು ಹೆಣಾ ಬಿತ್ತು ನಮ್ಮದು! ಆದರ ಈ ‘ಸಾ.’ ಅಂದರ ಯಾರು?”

ಎಲ್ಲಾರೂ ಸಾವಂತ್ರವ್ವನ ಕಡೆ ನೋಡಿದರು.

ಆಕಿಗೆ ಶನಿವಾರದ ಸಂಜಿ ನೆನಪಾದವು. ಆಕಿ ರೊಟ್ಟಿ ಬಡಿಯುವಾಗ ಬಸಗೊಂಡಪ್ಪ ಅಡಗಿಮನಿ ಚೌಕಟ್ಟಿಗೆ ಆತು ನಿಲ್ಲುತ್ತಿದ್ದ. “ಏ ಸಾವಂತ್ರಿ, ಒಂದು ಭೂತ ಐತಿ ಅಂತ ತಿಳಿ...” ರಿಟೈರ್ ಆಗಿ ತಲಿ ಕೆಟ್ಟೈತಿ ಅಂದುಕೊಳ್ಳುತ್ತಿದ್ದಳು. ಬಾಯಿಗೆ ಬಂದದ್ದು ಒದರುತ್ತಿದ್ದಳು, ಅಡ್ಡ ನಿಂತವ ಹೋದರ ಸಾಕು ಅಂತ.

ನಂದಾ ಮತ್ತೊಂದು ಎತ್ತಿದಳು. “‘ಕ್ವಾಟಿ ರಾಣಿ. ಚಪ್ಪಲಿ ಹಾಕ್ಕೊಂಡು ಒಳಗ ಬಂದವರನ್ನ ಸುಡತಾಳ. ಯಾರಿಗೂ ಹೆದರಂಗಿಲ್ಲ. ನಮ್ಮನಿಯಾಕಿ ಇದ್ದಂಗ.’”

ಶಕೀಲ ಚಾಪಿ ಮ್ಯಾಲೆ ಹಿಂದಕ್ಕ ಸರಿದ. “ಕಾಕು, ತಪ್ಪ ತಿಳೀಬ್ಯಾಡ್ರಿ. ಆ ರಾಣೀನ್ನ ನಾವು ಮೂರು ಸಲ ಕೊಂದೇವಿ.”

“ಸತ್ತಳೇನು?”

“ಎಲ್ಲಿ ಸಾಯತಾಳ್ರಿ! ಮೂರೂ ಸಲ ಕಾಕಾ ಬುಕ್ಕು ತಿರುವಿದರು. ‘ಈಕಿ ಸ್ಟಾಪ್ ಇನ್ನೂ ಭಾಳ ದೂರ ಐತಿ’ ಅಂದರು.”

ಸಾವಂತ್ರವ್ವ ಚಾಪಿ ಮ್ಯಾಲೆ ಕುಂತಳು. ಎಂಟು ತಿಂಗಳು ಯಾರೂ ಕುಂದರದ ಜಾಗಾ ಅದು, ರಟ್ಟಿನ ಹಿಂದ. ಗೊತ್ತಾಗದ ಕುಂತಳು.

ಕಡೀ ಹಾಳಿ ನಂದಾ ಓದಲಿಲ್ಲ. ಮನಸಿನ್ಯಾಗ ನೋಡಿ ಆಕಿ ಕೈಯಾಗ ಕೊಟ್ಟಳು. ಸಾವಂತ್ರವ್ವ ತಾನಽ ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

“ಕರಿ ಬಾಗಲಾ. ಹಿಂದ ಏನೈತಿ? ಸಾ. ಸಿಟ್ಟಿನ್ಯಾಗ ಅದಾಳ. ನಾಳೆ ಕೇಳಬೇಕು.”

ಆ ಕಡೀ ಶನಿವಾರ ಆಕಿ ಸಿಟ್ಟಿನ್ಯಾಗ ಇದ್ದಳು. ಜೈನಾಪುರದಾಗ ತಂಗಿ ಮಗಳು ಹಡೆದಿದ್ದಳು, ಕರಕೊಂಡು ಹೋಗತೇನಿ ಅಂದವ ಮರೆತಿದ್ದ. ಎರಡು ಸಲ ಬಂದು ಚೌಕಟ್ಟಿಗೆ ನಿಂತ. ಆಕಿ ಬೆನ್ನು ತಿರುಗಿಸಿ ರೊಟ್ಟಿ ಬಡಿದಳು. ಮೂರನೇ ಸಲ ಬರಲಿಲ್ಲ.

ಹೊರಗ ತರಕಾರಿ ಗಾಡಿ ಹೋತು.

ಅರುಣಕುಮಾರ ತನ್ನ ಮುನ್ನೂರಾ ಇಪ್ಪತ್ತು ಪುಟ ಚೀಲದಾಗ ತುರುಕಿದ. “ಆರಿಸಿ ಆತ್ರಿ ಕಾಕು. ಕಾಕಾನ ಕತೀನ ಮುಂದ ನಡೀಲಿ. ಇಲ್ಲೇ.”

“ಯಾವ ಕತಿ? ಅದು ಬಸ್ಸಿನ ಬುಕ್ಕು. ನನಗ ನೆಟ್ಟಗ ಓದಾಕ ಬರಂಗಿಲ್ಲ, ನಿಯಮ ಗೊತ್ತಿಲ್ಲ. ಯಾರು ನಡೆಸಾವರು?”

“ಬುಕ್ಕು ಯಾರಿಗೆ ಬೇಕ್ರಿ? ಆ ಬಾಗಲದ ಹಿಂದ ಏನೈತಿ, ಅಷ್ಟು ಹೇಳ್ರಿ.”

“ನನಗೇನ ಗೊತ್ತು!”

“ಒಂದೀಟು ಸಿಟ್ಟಿಗೇಳ್ರಿ ಕಾಕು,” ಅಂದ ಶಕೀಲ. “ತಾನಽ ಬರತದ.”

“ನನಗ ಸಿಟ್ಟು ಬರಂಗಿಲ್ಲ! ಎಂಟು ತಿಂಗಳಾತು. ಯಾರ ಮ್ಯಾಲೆ ಸಿಟ್ಟಾಗಲಿ?”

ಶಕೀಲ ಎದ್ದ. ಹೊರಗ ಹೋದ. ಕಟ್ಟಿ ಇಳಿದ ಸಪ್ಪಳಾತು. ತಿರುಗಿ ಬಂದಾಗ ಅವನ ಕಾಲಾಗ ಚಪ್ಪಲಿ ಇದ್ದವು. ಹೊಸ್ತಿಲ ದಾಟಿದ. ಒರೆಸಿದ ನೆಲದ ಮ್ಯಾಲೆ ಟಪ್ ಟಪ್ ನಡೆದು ಚಾಪಿ ತುದಿಗೆ ಬಂದು ನಿಂತ.

“ಏ ಶಕ್ಯಾ!” ಸಾವಂತ್ರವ್ವನ ದನಿ ಓಣಿ ದಾಟಿತು. “ಕಣ್ಣು ಎಲ್ಲಿ ಇಟ್ಟೀಯೋ? ಎಷ್ಟು ಸಲ ಹೇಳಬೇಕ ಲೇ ನಿಮಗ? ಆ ಬಾಗಲದ ಹಿಂದ ಮೂರು ಚರಿಗಿ ನೀರು ಇಟ್ಟು ಕುಂತೇನಿ ನಾನು! ಕಾಲು ತೊಳದಽ ಒಳಗ ಬರಬೇಕು! ಇಲ್ಲಂದ್ರ ಒಬ್ಬರನ್ನೂ ಜೀವಂತ ಬಿಡಂಗಿಲ್ಲ!”

ನಂದಾ ಗಡಬಡಿಸಿ ಪೆನ್ನು ಹುಡುಕಿದಳು. ಅರುಣಕುಮಾರ ದಾಳ ಹಿಡಿದ. ಆರಡಿ ಕುಳ್ಳ ಎರಡೂ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೊಂಡು ಒದರಿದ:

“ಬಾಗಲಾ ತೆರೀತು!”